ತಟ್ಟಿದ ಮೇಲೆ

ಸೋಮವಾರ, ಜೂನ್ 9

ಇವತ್ತು ಹಿಡಿದಾಟದ ಮ್ಯಾಟ್ ಮೇಲೆ ಇಬ್ಬರನ್ನು ಸೋಲಿಸಿದೆ. ಖುಷಿಯಾಗಬೇಕಿತ್ತು, ಆಗಲಿಲ್ಲ.

ಮೊದಲನೆಯವನು ಏಣಿ. ಎಲೆಕ್ಟ್ರಿಷಿಯನ್, ಬಾಗಿಲಿಗೆ ತಲೆ ತಾಗುವಷ್ಟು ಉದ್ದ, ಅದಕ್ಕೇ ಆ ಹೆಸರು. ಬೇಸಿಗೆಯಲ್ಲಿ ಇವನ ಕತ್ತಿಗೆ ಕೈ ಹಾಕಲು ಹೋಗಿ ನಾನೇ ಉಸಿರುಗಟ್ಟಿ ಮ್ಯಾಟ್ ತಟ್ಟಿದ್ದೆ. ಇವತ್ತು ನನ್ನ ಮುಂಗೈ ಅವನ ಗಂಟಲ ಕೆಳಗೆ ಸರಿಯಾಗಿ ಕೂರುವ ಮೊದಲೇ ಟಪ್ ಟಪ್ ಎಂದು ನನ್ನ ಬೆನ್ನು ತಟ್ಟಿದ. ಸೋತೆ ಎಂದು ಹೇಳುವ ರೀತಿ ಅದು. ತಟ್ಟಿದರೆ ಆ ಕ್ಷಣವೇ ಬಿಡಬೇಕು. ಬಿಟ್ಟೆ.

"ಏನ್ ಹಿಡಿತ ತಾಯಿ ನಿಂದು!" ಎಂದು ಕತ್ತು ಉಜ್ಜಿಕೊಂಡ. ಅವನು ಉಜ್ಜಿಕೊಂಡದ್ದು ಎಡಗಡೆ. ನಾನು ಹಿಡಿದದ್ದು ಬಲಗಡೆ.

ಆಮೇಲೆ ನರ್ಸಕ್ಕ. ವಯಸ್ಸಿನಲ್ಲಿ ನನಗಿಂತ ತುಂಬ ದೊಡ್ಡವರು, ಆದರೆ ತೂಕದಲ್ಲಿ ನನ್ನ ಜೋಡಿ ಅವರೊಬ್ಬರೇ. ಅವರ ತೋಳನ್ನು ನನ್ನ ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಮೊಣಕೈಯನ್ನು ಹಿಂದಕ್ಕೆ ಬಗ್ಗಿಸುವ ಪಟ್ಟಿಗೆ ಇನ್ನೂ ಕಾಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ತಟ್ಟಿಬಿಟ್ಟರು. ಮುಖದಲ್ಲಿ ನೋವಿಲ್ಲ, ಬೇಸರವಿಲ್ಲ. ಇಳಿಯುವ ಸ್ಟಾಪು ಬಂದವರ ಹಾಗೆ ಎದ್ದು ಹೋಗಿ ನೀರು ಕುಡಿದರು.

ನಮಗೆ ಪಟ್ಟು ಕಲಿಸುವ ಸರ್ ಗೋಡೆಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ. ದಿನಕ್ಕೆ ಹತ್ತು ತಪ್ಪು ಹುಡುಕದಿದ್ದರೆ ಊಟ ಸೇರದ ಮನುಷ್ಯ ಅವರು.

ಏನೋ ಇದೆ.

ಬುಧವಾರ, ಜೂನ್ 11

ಸರ್ ಮತ್ತು ಅವರ ಹೆಂಡತಿ ಮೇಡಂ ಇವತ್ತು ಮೆಟ್ಟಿಲ ಮೇಲೆಯೇ ಜಗಳ ಆಡಿದರು, ನನ್ನ ವಿಷಯಕ್ಕೆ. ನಾವು ಕಲಿಯುವ ಗೋದಾಮಿನ ಕೆಳಭಾಗ ಮೇಡಂದು, ಬರೀ ಕಬ್ಬಿಣ. ಮೇಲ್ಭಾಗ ಸರ್‌ದು, ಬರೀ ಮ್ಯಾಟ್. ಒಂದು ದಿನ ಕೆಳಗೆ ಭಾರ ಎತ್ತುವುದು, ಒಂದು ದಿನ ಮೇಲೆ ಹಿಡಿದಾಡುವುದು ಎಂದು ಮೇಡಂ ನನಗೆ ಕ್ರಮ ಹಾಕಿಕೊಟ್ಟ ಮೇಲೆ ನನ್ನ ಮೈ ನನಗೇ ಗುರುತು ಸಿಗದಷ್ಟು ಬದಲಾಗಿದೆ. ನನ್ನ ತೂಕಕ್ಕಿಂತ ಹೆಚ್ಚು ಭಾರದ ಕಬ್ಬಿಣದ ಬಾರನ್ನು ನೆಲದಿಂದ ಎತ್ತಿ ನಿಲ್ಲುತ್ತೇನೆ.

"ನೀವು ಮೇಲೆ ಹಿಂಡಿ ಹಿಪ್ಪೆ ಮಾಡಿ ಕಳಿಸಿದ್ರೆ ಮಾರನೇ ದಿನ ನಾನು ಏನನ್ನ ಎತ್ತಿಸ್ಲಿ? ಇವಳ ಬೆರಳೇ ಮಡಚಲ್ಲ" ಎಂದರು ಮೇಡಂ.

"ನೀನು ಎತ್ತಿಸು, ಚೆನ್ನಾಗಿ ಎತ್ತಿಸು. ಇವಳಿಗೆ ಈಗ ಪಟ್ಟೇ ಬೇಡ, ಎಳೆದ್ರೆ ಸಾಕು ಅಂದ್ಕೊಂಡಿದಾಳೆ."

"ಎಳೆದ್ರೆ ಬರತ್ತಲ್ಲ, ಅದಕ್ಕೆ ನಿಮಗೆ ಹೊಟ್ಟೆಕಿಚ್ಚು."

ನಾನು ಅಲ್ಲೇ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ನನ್ನನ್ನು ಕಂಡು ಇಬ್ಬರೂ ಬಾಯಿ ಮುಚ್ಚಿದರು. ಯಾರಿದ್ದರೂ ಜಗಳ ನಿಲ್ಲಿಸದ ಜನ ನನ್ನನ್ನು ಕಂಡ ತಕ್ಷಣ ನಿಲ್ಲಿಸಿದ್ದೇಕೆ?

ಶುಕ್ರವಾರ, ಜೂನ್ 13

ಸಂಜೆ ನಾನು ಕೆಲಸ ಮಾಡುವ ಹಾಸಿಗೆ ಅಂಗಡಿಯಿಂದ ಹೊರಡುವುದು ತಡವಾಯಿತು. ಒಂದು ಮನೆಯ ಮೆಟ್ಟಿಲ ತಿರುವಿನಲ್ಲಿ ಡಬಲ್ ಹಾಸಿಗೆ ಸಿಕ್ಕಿಕೊಂಡು ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ಸತಾಯಿಸಿತು. ಅಂಗಡಿ ಮಾಲೀಕರು ಕೆಳಗೆ ನಿಂತುಕೊಂಡು "ಪೈಲ್ವಾನ್ರೇ, ಅದಕ್ಕೂ ಒಂದು ಪಟ್ಟು ಹಾಕಿ" ಎಂದು ನಗುತ್ತಿದ್ದರು. ಹಾಸಿಗೆ ಒಂದು ವಿಷಯದಲ್ಲಿ ಒಳ್ಳೆಯದು. ಸಿಕ್ಕಿಕೊಂಡರೆ ಸಿಕ್ಕಿಕೊಂಡಿದೆ, ಬಂದರೆ ಬಂದಿದೆ. ನಾಟಕವಿಲ್ಲ.

ಗೋದಾಮಿನ ಗೇಟಿನ ಹತ್ತಿರ ಬಂದರೆ ಅಮ್ಮ! ಬಟ್ಟೆ ಕಾರ್ಖಾನೆಯಿಂದ ನೇರ ಬಂದಿದ್ದಳು, ಕೈಯಲ್ಲಿ ಊಟದ ಡಬ್ಬಿಯ ಚೀಲ ಇತ್ತು. ಸರ್ ಎದುರು ನಿಂತು ತನ್ನ ಹೆಗಲು ಮುಟ್ಟಿ ಮುಟ್ಟಿ ಏನೋ ತೋರಿಸುತ್ತಿದ್ದಳು. ಸರ್ ತಲೆಯಾಡಿಸುತ್ತಿದ್ದರು. ನಾನು ಮೂಲೆಯ ಬೇಕರಿಯ ಪಕ್ಕ ನಿಂತು ನೋಡಿದೆ. ಅಮ್ಮ ಹೋದ ಮೇಲೆ ಒಳಗೆ ಹೋದೆ.

ನನ್ನ ಹೆಗಲ ಬಗ್ಗೆಯೇ ಇರಬೇಕು. "ಹೆಗಲು ಬೀರುವಿನ ಹಾಗಾಯ್ತು, ಹೊಲಿದ ಬಟ್ಟೆ ಒಂದೂ ಹಿಡಿಸಲ್ಲ" ಎಂದು ಮನೆಯಲ್ಲಿ ದಿನಾ ಗೊಣಗುತ್ತಾಳೆ. ಆದರೆ ಅಷ್ಟಕ್ಕೇ ಇಲ್ಲಿವರೆಗೆ ಬರುವವಳಲ್ಲ. ಬೇರೆ ಏನೋ ಕೇಳಿಕೊಂಡಿದ್ದಾಳೆ. "ಓದು ಬಿಟ್ಟಳು, ಇದನ್ನಾದರೂ ಬಿಡದ ಹಾಗೆ ನೋಡಿಕೊಳ್ಳಿ" ಎಂದಿರುತ್ತಾಳೆ. "ಸ್ವಲ್ಪ ಗೆಲ್ಲೋಕೆ ಬಿಡಿ" ಎಂದಿರುತ್ತಾಳೆ.

ಸೋಮವಾರ, ಜೂನ್ 16

ಪರೀಕ್ಷೆ ಮಾಡಿದೆ. ಏಣಿಯ ಕತ್ತಿಗೆ ಬೇಕೆಂದೇ ತಪ್ಪಾಗಿ ಕೈ ಹಾಕಿದೆ. ಮೊಣಕೈ ಪೂರ್ತಿ ಒಂದು ಪಕ್ಕಕ್ಕೆ. ಅದರಲ್ಲಿ ಬೆಕ್ಕಿನ ಮರಿಗೂ ಉಸಿರು ಕಟ್ಟುವುದಿಲ್ಲ.

ತಟ್ಟಿದ.

"ಯಾಕೋ ತಟ್ಟಿದೆ?"

"ನೋವಾಯ್ತು."

"ಎಲ್ಲಿ?"

ಏಣಿ ಸೂರಿನ ಕಡೆ ನೋಡಿದ. "ಅಲ್ಲೇ, ಒಟ್ಟಾರೆ" ಎಂದ. ಆಮೇಲೆ ಸರ್ ಕಡೆ ನೋಡಿದ. ಸರ್ ಬೇರೆ ಕಡೆ ನೋಡಿದರು.

ಮಂಗಳವಾರ, ಜೂನ್ 17

ಅಮ್ಮನನ್ನು ನೇರವಾಗಿ ಕೇಳಿದೆ. "ನಮ್ಮ ಸರ್ ಹತ್ರ ಏನ್ ಮಾತಾಡ್ತಿದ್ದೆ?"

ಅವಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಯಾವ ಸರ್? ನಾನ್ಯಾಕೆ ಮಾತಾಡ್ಲಿ?"

"ನಾನು ನೋಡಿದೆ."

"ನೋಡಿದ್ಮೇಲೆ ಮತ್ಯಾಕೆ ಕೇಳ್ತೀಯ? ಏನಿಲ್ಲ, ಹೋಗು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವಳ ಮುಖ.

ಒಂಬತ್ತನೇ ತರಗತಿಯಲ್ಲಿ ನಾನು ಗಣಿತದ ಪರೀಕ್ಷೆಯಲ್ಲಿ ಬರೆದದ್ದು ಅರ್ಧ ಪುಟ, ಅದರಲ್ಲೂ ಕಾಟು ಹೊಡೆದದ್ದೇ ಹೆಚ್ಚು. ಪಾಸ್ ಮಾಡಿದ್ದರು. ಹೇಗೆ ಎಂದು ಟೀಚರನ್ನು ಕೇಳಿದ್ದಕ್ಕೆ "ಅಪ್ಪ ಇಲ್ಲದ ಮಗು, ಪಾಪ" ಎಂದು ತಲೆ ಸವರಿದರು. ಚೀಲ ತೆಗೆದುಕೊಂಡು ಮನೆಗೆ ಬಂದವಳು ಮತ್ತೆ ಆ ಗೇಟು ದಾಟಲಿಲ್ಲ. ಎಲ್ಲರೂ ಅದನ್ನು ಹಟ ಎಂದರು. ನನ್ನದಲ್ಲದ ಅಂಕ ಇಟ್ಟುಕೊಂಡು ಹತ್ತನೇ ತರಗತಿಯ ಬೆಂಚಿನ ಮೇಲೆ ಕೂರುವುದು ನನ್ನಿಂದ ಆಗಲಿಲ್ಲ, ಅಷ್ಟೇ.

ಮ್ಯಾಟ್ ಮೇಲೆ ಆ "ಪಾಪ" ಇಲ್ಲ ಎಂದುಕೊಂಡಿದ್ದೆ. ಅದೊಂದೇ ಕಾರಣಕ್ಕೆ ಇಲ್ಲಿ ಉಳಿದಿದ್ದೆ.

ಗುರುವಾರ, ಜೂನ್ 19

ಮುಂದಿನ ತಿಂಗಳ ಪಂದ್ಯಕ್ಕೆ ನಮ್ಮ ತೂಕದಲ್ಲಿ ಒಬ್ಬರೇ ಹೋಗಬಹುದಂತೆ. ಶನಿವಾರ ನಾನು ಮತ್ತು ನರ್ಸಕ್ಕ. ಗೆದ್ದವರು ಹೋಗುವುದು.

ಅವರು ಕೂದಲು ಗಂಟು ಹಾಕಿಕೊಳ್ಳುತ್ತಿದ್ದಾಗ ಹೋಗಿ ಕೇಳಿದೆ. "ಅಕ್ಕ, ಶನಿವಾರ ನಿಜವಾಗ್ಲೂ ಆಡ್ತೀರ ಅಲ್ವಾ?"

"ಸುಳ್ಳಾಗಿ ಆಡೋದು ಹೇಗೆ ಅಂತ ಹೇಳ್ಕೊಡು, ಕಲಿತೀನಿ" ಎಂದು ನಕ್ಕು ಚಪ್ಪಲಿ ಮೆಟ್ಟಿಕೊಂಡು ಹೋದರು.

ಹೌದು ಅನ್ನಲಿಲ್ಲ. ಇಲ್ಲ ಅನ್ನಲಿಲ್ಲ. ನಗುವುದು ಉತ್ತರವಲ್ಲ.

ಶನಿವಾರ, ಜೂನ್ 21

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಆಟ ತುಂಬ ಹೊತ್ತು ನಡೆಯಿತು. ನರ್ಸಕ್ಕ ಎರಡು ಸಲ ನನ್ನ ಬೆನ್ನ ಮೇಲೆ ಬಂದರು, ಎರಡು ಸಲವೂ ಸೊಂಟದ ಬಲದಿಂದ ಎತ್ತಿ ಉರುಳಿಸಿದೆ. ಆಮೇಲೆ ಅವರ ಬಲತೋಳು ಸಿಕ್ಕಿತು. ಕಾಲು ಅವರ ಮುಖದ ಮೇಲಿಂದ ದಾಟಿಸಿ, ಸೊಂಟ ಎತ್ತಿ, ಎಳೆದೆ. ತಟ್ಟಿದರು.

ನನ್ನ ತಲೆಯಲ್ಲಿ ಆ ಕ್ಷಣ ಇದ್ದದ್ದು ಇಷ್ಟೇ: ಮತ್ತೆ ಪಾಪ. ಗೇಟಿನ ಹತ್ತಿರ ಅಮ್ಮ. ಗೋಡೆಗೆ ಒರಗಿದ ಸರ್.

"ಸುಳ್ಳು ತಟ್ಟಬೇಡಿ!" ಎಂದು ಕಿರುಚಿದೆ. ಬಿಡಲಿಲ್ಲ. ಅವರು ಮತ್ತೆ ತಟ್ಟಿದರು, ಈ ಸಲ ಅಂಗೈ ಪೂರ್ತಿ ಬಿಚ್ಚಿ, ಜೋರಾಗಿ. ನಾನು ಇನ್ನೂ ಸ್ವಲ್ಪ ಎಳೆದೆ.

ಸದ್ದು ಬಂತು. ಒದ್ದೆ ಬಟ್ಟೆ ಹರಿದ ಹಾಗೆ.

ಏಣಿ ಬಂದು ನನ್ನನ್ನು ಎಳೆದು ಪಕ್ಕಕ್ಕೆ ಎಸೆದ. ನರ್ಸಕ್ಕ ಕಿರುಚಲಿಲ್ಲ. ಎದ್ದು ಕೂತು, ಎಡಗೈಯಲ್ಲಿ ಬಲ ಮೊಣಕೈ ಹಿಡಿದುಕೊಂಡು, ಯಾರದೋ ಕೈಯನ್ನು ಪರೀಕ್ಷಿಸುವ ಹಾಗೆ ಅಲ್ಲಿ ಇಲ್ಲಿ ಒತ್ತಿ ನೋಡಿದರು. "ಐಸ್ ತನ್ನಿ" ಎಂದರು. "ಮೂಳೆ ಅಲ್ಲ, ಒಳಗೆ ಹರಿದಿದೆ."

ನನ್ನ ಕಡೆ ನೋಡಲಿಲ್ಲ.

ಭಾನುವಾರ, ಜೂನ್ 22

ಏನೂ ಇಲ್ಲ.

ಮಂಗಳವಾರ, ಜೂನ್ 24

ಬೈಸಿಕೊಳ್ಳಲೆಂದೇ ಹೋದೆ. ಸರ್ ಬೈಯಲಿಲ್ಲ. ಮ್ಯಾಟ್ ಒರೆಸುತ್ತಿದ್ದವರು ಒರೆಸುತ್ತಲೇ ಇದ್ದರು. ನಾನೇ ಶುರು ಮಾಡಿದೆ.

"ನನ್ನ ಹತ್ರ ಬೇಗ ತಟ್ಟಿ ಅಂತ ನೀವು ಇವರಿಗೆಲ್ಲ ಹೇಳಿದ್ರಿ ತಾನೇ ಸರ್?"

"ಹೇಳಿದ್ದೆ."

ಇಷ್ಟು ಸುಲಭವಾಗಿ ಒಪ್ಪುತ್ತಾರೆ ಎಂದುಕೊಂಡಿರಲಿಲ್ಲ. ನನ್ನ ಅನುಮಾನ ಸರಿ ಇತ್ತು! ಗೆದ್ದ ಹಾಗೆ ಎದೆ ಒಂದು ಸಲ ಉಬ್ಬಿತು.

"ಅಮ್ಮ ಕೇಳ್ಕೊಂಡ್ಲು ಅಂತ ಅಲ್ವಾ?"

ಸರ್ ಬಟ್ಟೆ ಹಿಂಡಿದರು. "ನಿಮ್ಮಮ್ಮನಿಗೂ ಇದಕ್ಕೂ ಏನ್ ಸಂಬಂಧ? ಕೆಳಗೆ ನಿನಗೆ ಬಲ ಬಂತು. ಬೇಗ ಬಂತು. ಎಷ್ಟು ಎಳೀಬೇಕು ಅನ್ನೋ ಅಂದಾಜು ಇನ್ನೂ ಬಂದಿರ್ಲಿಲ್ಲ. ಭಾರ ಎತ್ತುವಾಗ ಎಷ್ಟಿದ್ರೆ ಅಷ್ಟೂ ಹಾಕಿ ಎಳೀತೀಯ. ಮೇಲೆ ಬಂದು ಮನುಷ್ಯರನ್ನೂ ಹಾಗೇ ಎಳೀತಿದ್ದೆ. ಅದು ಬರೋವರೆಗೂ ಇವಳ ಹತ್ರ ಬೇಗ ತಟ್ಟಿ, ಮೂಳೆ ಉಳಿಸ್ಕೊಳ್ಳಿ ಅಂದೆ."

"ನನಗೆ ಯಾಕೆ ಹೇಳ್ಲಿಲ್ಲ?"

ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದರು. "ಹೇಳಬೇಕಿತ್ತು. ಹೇಳಿದ್ರೆ ಬಿಟ್ಟು ಹೋಗ್ತೀಯ ಅಂದ್ಕೊಂಡೆ. ಅದು ನನ್ನ ತಪ್ಪು." ಆಮೇಲೆ, "ಪಂದ್ಯಕ್ಕೆ ಆ ತೂಕದಲ್ಲಿ ಯಾರನ್ನೂ ಕಳಿಸ್ತಿಲ್ಲ. ನೀನು ಬರಬೇಡ ಅನ್ನಲ್ಲ, ಬಾ. ಆದ್ರೆ ನಿನ್ನ ಜೊತೆ ಆಡು ಅಂತ ನಾನು ಯಾರಿಗೂ ಹೇಳಲ್ಲ."

ಹೇಳಬೇಕಿತ್ತು. ಹೇಳಿದ್ದರೆ ನಾನು ನಂಬುತ್ತಿದ್ದೆನಾ? ಇಲ್ಲ. ಅದನ್ನೂ ಇಲ್ಲಿ ಬರೆದಿಡುತ್ತೇನೆ.

ಶುಕ್ರವಾರ, ಜೂನ್ 27

ಮ್ಯಾಟಿನ ಅಂಚಿನಲ್ಲಿ ಕೂತಿದ್ದೆ. ಜೋಡಿ ಆರಿಸಿಕೊಳ್ಳಿ ಎಂದಾಗ ಎಲ್ಲರೂ ಎದ್ದರು. ನನ್ನ ಎದುರು ಯಾರೂ ಬರಲಿಲ್ಲ. ಬೈದರೆ ತಿರುಗಿ ಬೈಯಬಹುದು. ಇವರು ನಯವಾಗಿ ಪಕ್ಕದಿಂದ ದಾಟಿ ಹೋಗುತ್ತಾರೆ, ನಾನು ಕಂಬ ಅನ್ನುವ ಹಾಗೆ.

ಕೆಳಗಿಳಿದು ಬಾರ್ ಎತ್ತಿದೆ. ಇಲ್ಲಿಯವರೆಗೆ ಎತ್ತದಷ್ಟು ಎತ್ತಿದೆ. ಮೇಡಂ "ಭೇಷ್" ಎಂದರು, ಆದರೆ ದನಿಯಲ್ಲಿ ಉಪ್ಪಿರಲಿಲ್ಲ. ಕಬ್ಬಿಣ ತಟ್ಟುವುದಿಲ್ಲ. ಸಾಕು ಎಂದು ಅದು ಹೇಳುವುದಿಲ್ಲ.

ಭಾನುವಾರ, ಜೂನ್ 29

ಬೆಳಿಗ್ಗೆ ಬೇಗ ಎಚ್ಚರವಾಯಿತು. ಅಡುಗೆಮನೆಯಲ್ಲಿ ಯಾರೋ ಉಸಿರು ಬಿಗಿಹಿಡಿದು ನರಳುವ ಸದ್ದು. ಓಡಿ ಹೋಗಿ ನೋಡಿದರೆ ಅಮ್ಮ ಎರಡೂ ಕೈಯಲ್ಲಿ ನೀರು ತುಂಬಿದ ಬಾಟಲಿ ಹಿಡಿದು ನಿಧಾನವಾಗಿ ಪಕ್ಕಕ್ಕೆ ಎತ್ತಿ ಇಳಿಸುತ್ತಿದ್ದಾಳೆ! ನನ್ನನ್ನು ಕಂಡು ಬಾಟಲಿ ಬೆನ್ನ ಹಿಂದೆ ಬಚ್ಚಿಟ್ಟಳು.

"ಏನಮ್ಮ ಇದು?"

"ಏನಿಲ್ಲ. ಇಸ್ತ್ರಿ ಎತ್ತಿ ಎತ್ತಿ ಹೆಗಲು ಹೋಗಿದೆ. ನಿಮ್ಮ ಸರ್‌ನ ಕೇಳ್ದೆ, ಅವರು ಅವರ ಹೆಂಡ್ತಿನ ಕೇಳಿ ಅಂದ್ರು. ಅವರು ಇದನ್ನ ಹೇಳ್ಕೊಟ್ರು."

"ನನ್ನ ಕೇಳಬಾರದಿತ್ತಾ?"

"ನಿನ್ನ ಕೇಳಿದ್ರೆ ಬಿಡ್ತೀಯ? ನಾಳೆನೇ ನನ್ನನ್ನೂ ಲಂಗೋಟಿ ಕಟ್ಟಿಸಿ ಕುಸ್ತಿಗೆ ಇಳಿಸ್ತಿದ್ದೆ."

ಕಾರ್ಖಾನೆಯಲ್ಲಿ ಅವಳು ದಿನವಿಡೀ ಎತ್ತಿ ಒತ್ತುವ ಆವಿ ಇಸ್ತ್ರಿಯನ್ನು ನಾನು ಒಮ್ಮೆ ಹಿಡಿದು ನೋಡಿದ್ದೇನೆ. ಮೇಡಂ ಬಳಿ ಅದಕ್ಕಿಂತ ಹಗುರ ಡಂಬೆಲ್ಲುಗಳಿವೆ. ಅವಳು ಗೇಟಿನಲ್ಲಿ ಮುಟ್ಟಿ ಮುಟ್ಟಿ ತೋರಿಸುತ್ತಿದ್ದದ್ದು ಅವಳದೇ ಹೆಗಲು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಬಾಟಲಿ ಇಳಿಸುವಾಗ ಹೆಗಲು ಕಿವಿಯ ಕಡೆ ಏರುತ್ತಿತ್ತು. ಹಿಂದೆ ನಿಂತು ಎರಡು ಬೆರಳಿನಿಂದ ಅದುಮಿ ಹಿಡಿದೆ. "ಜೋರಾಗಿ ಒತ್ತಬೇಡವೇ" ಎಂದಳು. ನಾನು ಒತ್ತಿರಲೇ ಇಲ್ಲ ಎಂದುಕೊಂಡಿದ್ದೆ.

ಬುಧವಾರ, ಜುಲೈ 2

ಆಸ್ಪತ್ರೆಗೆ ಹೋದೆ. ನರ್ಸಕ್ಕ ಎಂದಿನಂತೆ ವಾರ್ಡಿನ ಕೆಲಸದಲ್ಲಿರಲಿಲ್ಲ. ಕೈ ಜೋಳಿಗೆಯಲ್ಲಿ ತೂಗುಹಾಕಿಕೊಂಡು ಕೆಳಗೆ ಚೀಟಿ ಕೊಡುವ ಕಿಟಕಿಯಲ್ಲಿ ಕೂತಿದ್ದರು. ಎಡಗೈಯಲ್ಲಿ ಬರೆಯುತ್ತಿದ್ದರು, ಅಕ್ಷರ ಒಂದೊಂದೂ ಒಂದೊಂದು ದಿಕ್ಕಿಗೆ. ನಾನು ಪಕ್ಕದಿಂದ ನುಗ್ಗಿ ಕಿಟಕಿಗೆ ಮುಖ ಹಾಕಿದೆ.

"ಸಾಲಲ್ಲಿ ಬಾ" ಎಂದರು.

ಸಾಲಿನ ಕೊನೆಗೆ ಹೋಗಿ ನಿಂತೆ. ನನ್ನ ಸರದಿ ಬಂದಾಗ "ಏನ್ ತೊಂದರೆ?" ಎಂದು ಕೇಳಿದರು, ಎಲ್ಲರನ್ನೂ ಕೇಳುವ ಹಾಗೆಯೇ.

"ತಪ್ಪಾಯ್ತು ಅಕ್ಕ."

"ಅದಕ್ಕೆ ಇಲ್ಲಿ ಚೀಟಿ ಕೊಡಲ್ಲ. ಮುಂದೆ ಹೋಗು." ಆದರೆ ಹಿಂದೆ ಯಾರೂ ಇರಲಿಲ್ಲ. ನಾನು ಕದಲಲಿಲ್ಲ.

"ನಿಮಗೂ ಸರ್ ಹೇಳಿದ್ರಾ, ನನ್ನ ಹತ್ರ ಬೇಗ ತಟ್ಟಿ ಅಂತ?"

"ನನಗೆ ಹೇಳೋದೇನಿದೆ? ನಾನು ಎಲ್ಲರ ಹತ್ರನೂ ಬೇಗ ತಟ್ಟೋಳೇ. ಬೆಳಿಗ್ಗೆ ಎದ್ದು ಮನುಷ್ಯರನ್ನ ಮಂಚದಿಂದ ಎತ್ತಬೇಕು, ಮಗ್ಗುಲು ತಿರುಗಿಸ್ಬೇಕು. ಸಂಜೆ ಖುಷಿಗೆ ಆಡಕ್ಕೆ ಬಂದು ಕೈ ಮುರ್ಕೊಂಡ್ರೆ ಅವರನ್ನ ಯಾರು ಎತ್ತೋರು? ನೀನಾ?"

ನಾನು ಕಿಟಕಿಯ ಕಂಬಿ ಹಿಡಿದುಕೊಂಡೆ.

"ಆ ಶನಿವಾರ ಒಂದಿನ ಮಾತ್ರ ಬೇಗ ತಟ್ಟಲಿಲ್ಲ" ಎಂದರು. ಪೆನ್ನನ್ನು ಮೇಜಿನ ಮೇಲಿಟ್ಟರು. "ನನಗೂ ಆ ಪಂದ್ಯಕ್ಕೆ ಹೋಗೋ ಆಸೆ ಇತ್ತು ಕಣೇ. ಇನ್ನು ತಡ್ಕೊಂಡ್ರೆ ಆಗಲ್ಲ ಅನ್ನೋವರೆಗೂ ತಡ್ಕೊಂಡು ತಟ್ಟಿದ್ದು. ನೀನು ಗೆದ್ದಿದ್ದೆ. ನಿಜವಾಗಿ ಗೆದ್ದಿದ್ದೆ."

ಹೊರಗೆ ಬಂದು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತೆ. ನನ್ನ ಬಸ್ಸು ಬಂತು, ಹೋಯಿತು. ಮತ್ತೊಂದೂ ಹೋಯಿತು. ಇಲ್ಲಿ ಬಂದು ಸೇರಿದ ದಿನದಿಂದ ನನಗೆ ಬೇಕಿದ್ದದ್ದು ಆ ಒಂದು ಗೆಲುವು. ಅದು ಕೈಯಲ್ಲಿ ಸಿಕ್ಕಿತ್ತು, ಮತ್ತು ನಾನು ಅದನ್ನು ಸುಳ್ಳು ಎಂದು ಕಿರುಚಿ ಮುರಿದೆ.

ಮಂಗಳವಾರ, ಆಗಸ್ಟ್ 12

ನರ್ಸಕ್ಕ ಮತ್ತೆ ಬಂದಿದ್ದಾರೆ, ಮೇಲೆ ಅಲ್ಲ, ಕೆಳಗೆ. ಮೇಡಂ ಅವರ ಕೈಗೆ ಮಕ್ಕಳ ಆಟಿಕೆಯಂಥ ಡಂಬೆಲ್ ಕೊಟ್ಟಿದ್ದರು. ಅದನ್ನೆತ್ತಲು ಅವರ ಹಣೆಯಲ್ಲಿ ಬೆವರು.

"ಏಯ್, ಸುಮ್ನೆ ನಿಂತಿದೀಯಲ್ಲ. ಬಾ, ಮೊಣಕೈ ಕೆಳಗೆ ಕೈ ಇಡು. ಬಿದ್ರೆ ಹಿಡ್ಕೊ" ಎಂದರು ನನಗೆ.

ಯಾಕೆ ನನ್ನನ್ನೇ ಕರೆದರು? ಏಣಿ ಪಕ್ಕದಲ್ಲೇ ಇದ್ದ. ನಾನು ಮಾಡಿದ್ದನ್ನು ಎಲ್ಲರ ಎದುರು ನನಗೆ ತೋರಿಸಬೇಕಿತ್ತಾ? ಏನೇ ಇರಲಿ, ಕೈ ಇಟ್ಟೆ. ಮೊಣಕೈ ಒಳಗೆ ನಡುಗುವುದು ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. "ಸಾಕು" ಎಂದು ಅವರು ಹೇಳುವ ಮೊದಲೇ ನಡುಕದಿಂದ ತಿಳಿಯಿತು, ಭಾರ ತೆಗೆದುಕೊಂಡೆ.

"ಇನ್ನೂ ಎರಡಿತ್ತು" ಎಂದು ಬೈದರು.

"ಇರ್ಲಿಲ್ಲ" ಎಂದೆ.

ಮೇಡಂ ಬೇರೆ ಕಡೆ ತಿರುಗಿ ನಕ್ಕರು.

ಬುಧವಾರ, ಸೆಪ್ಟೆಂಬರ್ 3

ಏಣಿ ಇವತ್ತು ನನ್ನೆದುರು ಬಂದು ಕೂತ. "ಕತ್ತು ಬೇಡ. ಬರೀ ಉರುಳಾಟ" ಎಂದ. ಉರುಳಾಡಿದೆವು. ಅವನೇ ಗೆದ್ದ. ಅವನ ಬೆರಳುಗಳು ನನ್ನ ಹೆಗಲ ಮೇಲೆ ತಟ್ಟಲು ಸಿದ್ಧವಾಗಿಯೇ ಇದ್ದವು, ಆಟ ಮುಗಿಯುವವರೆಗೂ.

ಶುಕ್ರವಾರ, ಸೆಪ್ಟೆಂಬರ್ 19

ನರ್ಸಕ್ಕ ಮೆಟ್ಟಿಲು ಹತ್ತಿ ಮೇಲೆ ಬಂದರು. ಮ್ಯಾಟಿನ ನಡುವೆ ಹೋಗಿ ಕೂತು ನನ್ನನ್ನು ಕರೆದರು. "ಬಾ."

"ನಿಮ್ಮ ಕೈ?"

"ನನ್ನ ಕೈಯ ಯೋಚನೆ ನನಗಿರ್ಲಿ. ನೀನು ಬಾ."

ಎಲ್ಲರೂ ತಮ್ಮ ಆಟ ಆಡುತ್ತಿರುವಂತೆ ನಟಿಸುತ್ತಿದ್ದರು. ಸರ್ ಗೋಡೆ ಬಿಟ್ಟು ಹತ್ತಿರ ಬಂದರು. ನಾನು ನರ್ಸಕ್ಕನ ಬಲಗಡೆಗೆ ಹೋಗದೆ ಎಡಗಡೆಯೇ ಆಡಿದೆ. ಅದು ಅವರಿಗೆ ಗೊತ್ತಾಗಿ "ಎರಡೂ ಕಡೆ ಇದೀನಿ ನಾನು" ಎಂದು ಗದರಿಸಿದರು. ಸ್ವಲ್ಪ ಹೊತ್ತಿಗೆ ನನ್ನ ಬಲತೋಳು ಅವರ ತೊಡೆಗಳ ನಡುವೆ ಸಿಕ್ಕಿತು. ಅದೇ ಪಟ್ಟು. ಎರಡು ಕೈ ಹೆಣೆದು ಎಳೆದುಕೊಂಡಿದ್ದರೆ ಬಿಡಿಸಿಕೊಳ್ಳಬಹುದಿತ್ತು, ಅಷ್ಟು ಬಲ ನನ್ನಲ್ಲಿದೆ. ಆದರೆ ಆ ಎಳೆತವೆಲ್ಲ ಹೋಗಿ ಬೀಳುವುದು ಅವರ ಆ ಮೊಣಕೈ ಮೇಲೆ. ನೋವು ಶುರುವಾಗುವ ಮೊದಲೇ ತಟ್ಟಿದೆ.

ಬಿಡಲಿಲ್ಲ.

ಒಂದು ಉಸಿರಿನಷ್ಟು ಹೊತ್ತು ಅವರು ಹಾಗೆಯೇ ಹಿಡಿದಿದ್ದರು. ತೋಳು ನೆಟ್ಟಗಾಗಿ ಇನ್ನೇನು ಹಿಂದಕ್ಕೆ ಬಾಗಬೇಕು, ಅಲ್ಲಿ ನಿಂತಿತ್ತು. ಪಕ್ಕದ ಜೋಡಿ ಆಟ ನಿಲ್ಲಿಸಿದ್ದು ಕೇಳಿಸಿತು. ನಾನು ಎರಡನೇ ಸಲ ತಟ್ಟಲಿಲ್ಲ, ಎಳೆದುಕೊಳ್ಳಲೂ ಇಲ್ಲ. ಸೂರಿನಲ್ಲಿ ಟ್ಯೂಬ್‌ಲೈಟ್ ಮಿಣುಕುತ್ತಿತ್ತು, ಅದನ್ನೇ ನೋಡುತ್ತ ಮಲಗಿದ್ದೆ. ಆಮೇಲೆ ಬಿಟ್ಟರು, ನಿಧಾನವಾಗಿ, ಒಂದೊಂದೇ ಬೆರಳು.

"ಇನ್ನೊಂದ್ ಸಲ?" ಎಂದರು.

"ಹ್ಞೂಂ" ಎಂದೆ. ಅದೇ ತೋಳು ಚಾಚಿದೆ.

ಮನೆಗೆ ಹೊರಟಾಗ ಏಣಿ ಸೈಕಲ್ ತಳ್ಳಿಕೊಂಡು ಜೊತೆಗೆ ಬಂದ. ಅವನಿಗೆ ತಡೆಯಲಾಗಲಿಲ್ಲ.

"ಬೇಕಂತಲೇ ಹಿಡಿದ್ರು ಅಲ್ವಾ?"

"ಗೊತ್ತಿಲ್ಲ. ಕೈ ಇನ್ನೂ ಮಾತು ಕೇಳ್ತಿಲ್ಲವೇನೋ."

"ಕೇಳಲ್ವಾ ಅವರನ್ನ?"

"ಏನಂತ?"

ಅವನು ನನ್ನ ಮುಖವನ್ನೇ ನೋಡುತ್ತ ನಡೆದು ರಸ್ತೆ ಗುಂಡಿಗೆ ಸೈಕಲ್ ಇಳಿಸಿದ. ಒಳ್ಳೆಯ ಹುಡುಗ, ಆದರೆ ಎಲ್ಲದರಲ್ಲೂ ಅನುಮಾನ ಅವನಿಗೆ.